ಮೂಲೆಯ ಪಾಚಿ

ಕೊಳವನ್ನು ಮುಚ್ಚಿಬಿಡೋಣ ಎಂದು ಮೊದಲು ಹೇಳಿದವರೇ ಮುನಿಸ್ವಾಮಿ. ಊರ ಚರಂಡಿ ನೀರು ಕೆರೆ ಸೇರುವ ಮೊದಲು ತಿಳಿಯಾಗಲೆಂದು ಜೊಂಡು ನೆಟ್ಟು ಕಟ್ಟಿಸಿದ ಕೊಳ ಅದು. ಈಗ ಪಾಚಿಗಟ್ಟಿ ನಾರುತ್ತಿತ್ತು. ಪಕ್ಕದಲ್ಲೇ ಇದ್ದ ಮುನಿಸ್ವಾಮಿಯವರ ಗುಲಾಬಿ ತೋಟಕ್ಕೆ ಹೂ ಕೀಳಲು ಬರುವ ಹೆಂಗಸರು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಊರೂ ಒಪ್ಪಿತು.

ಹಟ ಹಿಡಿದು ಆ ಕೊಳ ಕಟ್ಟಿಸಿದ್ದವಳು ಪಂಚಾಯಿತಿ ಸದಸ್ಯೆ ಭಾನುಪ್ರಿಯಾ, ಮುನಿಸ್ವಾಮಿಯವರ ತಮ್ಮನ ಮಗಳು. ಅವಳು ಜಗಳಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ದೊಡ್ಡಪ್ಪನನ್ನು ದಡಕ್ಕೆ ಕರೆದು ಎಡಮೂಲೆ ತೋರಿಸಿದಳು. ಪಾಚಿ ಕಂಬಳಿ ಹಾಸಿದಂತಿತ್ತು. ನೀರು ಬಂದು ಬೀಳುವ ಕಡೆ ಮಾತ್ರ ಸುಳಿವೇ ಇಲ್ಲ.

"ಇರೋದು ಒಂದೇ ನೀರು, ಒಂದೇ ಬಿಸಿಲು. ಈ ಮೂಲೇಲಿ ಮಾತ್ರ ಪಾಚಿ ಯಾಕೆ ದೊಡ್ಡಪ್ಪ?"

ಅದೆಲ್ಲ ತನಗೆ ಬೇಡದ ವಿಷಯ ಎಂದರು ಅವರು. ಆದರೆ ಹೊರಡಲಿಲ್ಲ. ಭಾನುಪ್ರಿಯಾ ಒಂದು ಹಿಡಿ ಕಡ್ಲೆಪುರಿ ತಂದು ನೀರಿಗೆ ಎರಚಿದಳು. ಪುರಿ ನೇರವಾಗಿ ತೇಲಿ ಆಚೆಯ ತೂಬಿನಲ್ಲಿ ಹೊರಟುಹೋಯಿತು. ಎಡಮೂಲೆಗೆ ಒಂದು ಕಾಳೂ ತಿರುಗಲಿಲ್ಲ.

ನೀರನ್ನು ಆ ಕಡೆ ತಿರುಗಿಸಲು ಭಾನುಪ್ರಿಯಾ ಮರಳಿನ ಚೀಲ ಅಡ್ಡ ಇಡಿಸಿದಳು. ಸುಮ್ಮನೆ ನೋಡಲು ಬಂದ ಮುನಿಸ್ವಾಮಿ ಪಂಚೆ ಎತ್ತಿಕಟ್ಟಿ ಇಳಿದೇಬಿಟ್ಟರು. ಕೆಲವೇ ದಿನಗಳಲ್ಲಿ ಮೂಲೆಯ ಪಾಚಿ ಒಡೆದು ಚದುರಿತು, ವಾಸನೆ ಇಳಿಯಿತು. ಅವರು ದಿನವೂ ತೋಟಕ್ಕಿಂತ ಮೊದಲು ಕೊಳಕ್ಕೆ ಬರತೊಡಗಿದರು. ಹೊಸದನ್ನು ಕಂಡವರೂ ಅವರೇ. ಚೀಲಗಳ ಸಂದಿನಲ್ಲಿ ನೀರು ಜೋರಾಗಿ ನುಗ್ಗುವ ಕಡೆ ಕಲ್ಲುಗಳಿಗೆ ಕೂದಲಿನಂಥ ಹಸಿರು ಎಳೆ ಅಂಟಿತ್ತು. ಎಳೆದರೂ ಬರಲೊಲ್ಲದು. ಮೂಸಿದರೆ ನಾತವಿಲ್ಲ.

ಭಾನುಪ್ರಿಯಾಳ ಮುಖ ಇಳಿಯಿತು. ಪಾಚಿ ಮತ್ತೆ ಬಂತು, ಮಾಡಿದ್ದೆಲ್ಲ ವ್ಯರ್ಥವಾಯಿತೆಂದುಕೊಂಡಳು.

ಕೊಳ ಮುಚ್ಚಲು ಮೊದಲೇ ಗೊತ್ತುಮಾಡಿದ್ದ ಮಣ್ಣಿನ ಟ್ರ್ಯಾಕ್ಟರ್ ಬಂದ ದಿನ ಊರವರು ದಡದಲ್ಲಿ ಸೇರಿದರು. ಪಾಚಿ ಹೋಯಿತೇ ಎಂದು ಯಾರೋ ಕೇಳಿದರು. ಸುಳ್ಳು ಹೇಳಲಾಗದೆ ಭಾನುಪ್ರಿಯಾ ಕಲ್ಲುಗಳ ಮೇಲಿನ ಹಸಿರು ಎಳೆ ತೋರಿಸಿದಳು. ಮುನಿಸ್ವಾಮಿ ಮುಂದೆ ಬಂದರು.

"ಹೋಗಿಲ್ಲ. ನಿಂತ ನೀರಲ್ಲಿ ತೇಲ್ತಿತ್ತು, ಓಡೋ ನೀರಲ್ಲಿ ಕಲ್ಲು ಹಿಡ್ಕೊಂಡೈತೆ. ಎರಡೂ ಒಂದೇನಾ, ಬೇರೆನಾ ಅಂತ ನಂಗಿನ್ನೂ ಗೊತ್ತಾಗಿಲ್ಲ. ಗೊತ್ತಾಗೋ ತನಕ ಯಾರೂ ಮಣ್ಣು ಹಾಕ್ಬೇಡಿ."