ಕಂಚಿನ ಮೇಲಿನ ಎರಡಕ್ಷರ

ರೋಮಿನ ಹೊಸ ಚಕ್ರವರ್ತಿಗೆ ಹಳೆಯ ದೇವತೆಗಳೇ ಬೇಕಾಗಿದ್ದರು. ಆದರೂ ಟಂಕಸಾಲೆಯಿಂದ ಹೊರಬಿದ್ದ ಕಂಚಿನ ನಾಣ್ಯಗಳ ಮೇಲೆ ಕ್ರಿಸ್ತನ ಹೆಸರಿನ ಮೊದಲೆರಡು ಅಕ್ಷರಗಳು ಮೂಡಿದ್ದವು. ಸೈನಿಕರು ಅಚ್ಚು ಕೊರೆಯುವ ಮುದುಕನನ್ನೂ ಅವನ ಜೊತೆಗಿದ್ದ ಮಗಳನ್ನೂ ಅಂಗಳಕ್ಕೆ ಎಳೆದು ತಂದರು.

"ಇದನ್ನು ಕೊರೆದವರು ಯಾರು?" ಅಧಿಕಾರಿ ಕೇಳಿದ.

"ನಾನೇ ಸ್ವಾಮಿ," ಎಂದ ಮುದುಕ.

"ಅಪ್ಪಾ, ಬೇಡ," ಎಂದಳು ಮಗಳು.

"ಸುಮ್ಮನಿರು ತಾಯಿ. ಮಾಡಿದೋನು ನಾನು, ಅನುಭವಿಸೋನೂ ನಾನೇ."

ಸೈನಿಕನೊಬ್ಬ ಅವನ ಬಲಗೈಯನ್ನು ಕಲ್ಲಿನ ಮೇಲೆ ಅದುಮಿ ಹಿಡಿದ. ಇನ್ನೊಬ್ಬ ಕೊಡಲಿ ಎತ್ತಿದ. ಎರಡನೇ ಏಟಿಗೆ ಕೈ ತುಂಡಾಗಿ ಬಿತ್ತು. ಮಗಳು ತಲೆವಸ್ತ್ರ ಹರಿದು, ರಕ್ತ ಚಿಮ್ಮುತ್ತಿದ್ದ ಮೊಂಡುಗೈಗೆ ಸುತ್ತತೊಡಗಿದಳು. ಮುದುಕ ಹಲ್ಲು ಕಚ್ಚಿ ನರಳಿದ. ಆದರೆ ಅವನ ಮುಖದಲ್ಲಿ ಏನೋ ಒಂದು ಸಮಾಧಾನವಿತ್ತು.

ಅಧಿಕಾರಿಗೆ ಅದು ಸರಿಕಾಣಲಿಲ್ಲ. ಅವನು ಬಗ್ಗಿ, ಮುದುಕನ ಮುಖದ ಮುಂದೆ ಅಂಗೈ ಚಾಚಿದ.

"ಈ ನಾಣ್ಯ ನೋಡು. ಇದರ ಅಚ್ಚೂ ನಿನ್ನದೇನಾ?"

"ಹೌದು ಸ್ವಾಮಿ, ಅದೂ ನನ್ನದೇ. ನಾನು ಕೊರೆದದ್ದು ನನಗೆ ಗೊತ್ತಾಗಲ್ವಾ?"

ಅಧಿಕಾರಿ ತನ್ನ ಖಾಲಿ ಅಂಗೈಯನ್ನು ಮುದುಕನ ಅಲುಗದ ಕಣ್ಣುಗಳ ಮುಂದೆ ಒಮ್ಮೆ ಆಡಿಸಿ, ಮಗಳ ಕಡೆ ತಿರುಗಿ, "ಈಗ ನಿನ್ನ ಕೈ ಚಾಚು," ಎಂದ.