ಸಿಡುಬಿನ ಔತಣ

ಪುಟ್ಟ ಬ್ಯಾಂಜೊ ಬಾಯಿ ಬಿಟ್ಟರೆ ಬಾಡಿಗೆ ಮನೆ ಹೋಯಿತು. ಟೀಗನ್ ಔತಣದ ಮನೆಯೆದುರು ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿದ್ದ ಮೂರೂವರೆ ವರ್ಷದ ಮಗನ ಕಡೆ ತಿರುಗಿ ಕೊನೆಯ ಸಲ ಪಾಠ ಒಪ್ಪಿಸಿಕೊಂಡಳು.

"ದಿನಾ ಎಲ್ಲಿಗೆ ಹೋಗ್ತೀಯ?"

"ಅಜ್ಜಿ ಮನೆಗೆ."

"ಅಜ್ಜಿ ಮನೇಲಿ ಎಷ್ಟು ಮಕ್ಕಳಿದಾರೆ?"

"ಇಪ್ಪತ್ತು!"

"ಅಯ್ಯೋ, ನೀನೊಬ್ನೇ ಕಣೋ! ಸರಿ, ಇಲ್ಲಿ ಗಂಟೆ ಹೊಡೆದ್ರೆ ಏನ್ಮಾಡ್ಬೇಕು?"

"ಟೋಪಿ ಹಾಕ್ಕೊಂಡು ಸಾಲಲ್ಲಿ ನಿಲ್ಬೇಕು. ಆಮೇಲೆ ಕೈ ತೊಳೆಯೋ ಹಾಡು."

"ನಿಲ್ಬಾರ್ದು! ತೊಳೀಬಾರ್ದು! ಕಾಡುಪ್ರಾಣಿ ಥರ ನುಗ್ಬೇಕು, ತಿಳೀತಾ?"

ಬ್ಯಾಂಜೊ ಅಮ್ಮನನ್ನು ಕನಿಕರದಿಂದ ನೋಡಿದ.

ವಿಷಯ ಇಷ್ಟೇ. ಲಸಿಕೆ ಹಾಕಿಸದ ಮಗುವನ್ನು ಶಿಶುವಿಹಾರ ಸೇರಿಸಿಕೊಳ್ಳಬಾರದೆಂದು ಸರ್ಕಾರ ಕಾನೂನು ತಂದಿತ್ತು. ಮೊದಲೆಲ್ಲ 'ನಮ್ಮ ಮನಸ್ಸು ಒಪ್ಪುವುದಿಲ್ಲ' ಎಂದರೆ ವಿನಾಯಿತಿ ಸಿಗುತ್ತಿತ್ತು, ಅದನ್ನೂ ಕಿತ್ತುಹಾಕಿದರು. ಸಿಡ್ನಿಯವರು ತೆಪ್ಪಗೆ ತೋಳು ಚಾಚಿದರು. ವಾಟಲ್ ಕ್ರೀಕ್ ಎಂಬ ಹಳ್ಳಿಯ ನಾವು ಬಗ್ಗುವವರೇ? ಹುಣ್ಣಿಮೆ ಬೆಳಕಿನಲ್ಲಿಟ್ಟ ನೀರು ಕುಡಿಯುವ ಜನ ನಾವು. ಮಕ್ಕಳ ತಲೆಯಲ್ಲಿ ಹೇನಾದರೆ, ಹೇನಿಗೂ ಬದುಕುವ ಹಕ್ಕಿದೆಯೇ ಎಂದು ಸಭೆ ಸೇರಿ ಚರ್ಚಿಸುವವರು. ನಮ್ಮ ಮಕ್ಕಳು ಬರಿಗಾಲಲ್ಲಿ, ಮನೆಯಂಗಳದಲ್ಲೇ ಬೆಳೆಯಲಿ ಎಂದು ನಮ್ಮೂರ ಮುಂದಾಳು ಕೋರಲ್‌ಳ ತೋಟದಲ್ಲಿ ಕೈ ಕೈ ಹಿಡಿದು ಆಣೆ ಮಾಡಿದೆವು. ಕೆಲವರಂತೂ ಅತ್ತೇಬಿಟ್ಟರು.

ಟೀಗನ್ ಕೂಡ ಅತ್ತಿದ್ದಳು. ಆಮೇಲೆ ಗಂಡ ಬಿಟ್ಟುಹೋದ. ಬೇಕರಿಯಲ್ಲಿ ಕೆಲಸವೇನೋ ಸಿಕ್ಕಿತು, ಮಗನನ್ನು ನೋಡಿಕೊಳ್ಳುವವರು ಸಿಗಲಿಲ್ಲ. ಒಂದು ದಿನ ತಲೆಗೆ ವಸ್ತ್ರ ಸುತ್ತಿ, ಕಪ್ಪು ಕನ್ನಡಕ ಏರಿಸಿ, ಬ್ಯಾಂಕ್ ದರೋಡೆಗೆ ಹೊರಟವಳ ಹಾಗೆ ಪಕ್ಕದ ಊರಿಗೆ ಹೋದಳು. ಬಾಕಿಯಿದ್ದ ಚುಚ್ಚುಮದ್ದನ್ನೆಲ್ಲ ಒಂದೊಂದಾಗಿ ಹಾಕಿಸಿ ಮಗನನ್ನು ಶಿಶುವಿಹಾರಕ್ಕೆ ಸೇರಿಸಿದಳು. ಊರಿನವರಿಗೆ ಅದು ಅಜ್ಜಿ ಮನೆಯಾಯಿತು.

ಅವಳು ಬಾಡಿಗೆಗಿದ್ದ ಪುಟ್ಟ ಮನೆ ಕೋರಲ್‌ಳದು. 'ಚುಚ್ಚಿಸಿಕೊಂಡವರಿಗೆ ಇಲ್ಲಿ ಜಾಗವಿಲ್ಲ' ಎಂದು ಕೋರಲ್ ಗೇಟಿಗೇ ಹಲಗೆ ತೂಗುಹಾಕಿದ್ದಳು. ತಮಾಷೆಗಲ್ಲ.

ಈಗ ಕೋರಲ್‌ಳ ಮಗಳು ಫರ್ನ್‌ಗೆ ಸೀತಾಳೆ ಸಿಡುಬು. ಬೇರೆ ಊರಿನಲ್ಲಿ ಸಿಡುಬು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಔತಣಕ್ಕೆ ಕರೆಯುತ್ತಾರೆ. ಮಕ್ಕಳೆಲ್ಲ ಒಂದೇ ಲಾಲಿಪಾಪ್ ಚೀಪಿ, ಒಟ್ಟಿಗೆ ರೋಗ ಹತ್ತಿಸಿಕೊಂಡು, ಒಟ್ಟಿಗೆ ಗಟ್ಟಿಯಾಗಬೇಕು. ಬರದಿದ್ದರೆ ಗುಟ್ಟಾಗಿ ಲಸಿಕೆ ಹಾಕಿಸಿದ್ದಾರೆಂದು ಅನುಮಾನ. ಬಂದೂ ಮೈಮೇಲೆ ಗುಳ್ಳೆ ಏಳದಿದ್ದರೆ ಇನ್ನೂ ಅನುಮಾನ. ಅದಕ್ಕೆಂದೇ ಟೀಗನ್ ಕದ್ದುಮುಚ್ಚಿ ಒಂದು ಕೆಂಪು ಲಿಪ್‌ಸ್ಟಿಕ್ ಕೊಂಡಿಟ್ಟುಕೊಂಡಿದ್ದಳು. ಎರಡು ವಾರ ಬಿಟ್ಟು ಮಗನ ಬೆನ್ನಿಗೆ ನಾಲ್ಕು ಚುಕ್ಕೆ ಇಟ್ಟರಾಯಿತು. ಲಸಿಕೆಯನ್ನಾದರೂ ಕ್ಷಮಿಸಿಯಾರು, ಚೀಲದಲ್ಲಿ ರಾಸಾಯನಿಕದ ಲಿಪ್‌ಸ್ಟಿಕ್ ಸಿಕ್ಕರೆ ನಮ್ಮ ಜನ ಊರೇ ಬಿಡಿಸುತ್ತಾರೆ.

ಅಂಗಳದ ನಡುವೆ ಫರ್ನ್ ಮದುಮಗಳ ಹಾಗೆ ಕುಳಿತಿದ್ದಳು. ಮುಖ, ಕೈ ತುಂಬ ಕೆಂಪು ಚುಕ್ಕೆ.

"ಎಂಥಾ ತಾಳ್ಮೆ ಮಗೂದು! ಒಂದ್ಸಲಾನೂ ಕೆರ್ಕೊಂಡಿಲ್ಲ ನೋಡು," ಎಂದಳು ಅವಳಿ ಮಕ್ಕಳ ತಾಯಿ ಮೆರಿನ್.

"ಎಲ್ಲಾ ಕುಂಬಳಕಾಯಿ ಸೂಪಿನ ಮಹಿಮೆ," ಎಂದಳು ಕೋರಲ್. ಬೀಟ್‌ರೂಟ್ ಹೆಚ್ಚಿ ಕೆಂಪಾದ ಕೈಯಲ್ಲೇ ಎಲ್ಲರಿಗೂ ಚಹಾ ಹಂಚುತ್ತಿದ್ದಳು. "ಆದ್ರೆ ಗುಳ್ಳೆಗೆ ನೀರು ಮಾತ್ರ ಸೋಕ್ಬಾರ್ದು. ನಾನು ಸ್ನಾನಾನೇ ಮಾಡಿಸಿಲ್ಲ."

ಆಮೇಲೆ ಟೀಗನ್ ಪಕ್ಕದಲ್ಲೇ ಬಂದು ಕೂತಳು.

"ಊರಲ್ಲಿ ಸುದ್ದಿ ಹಬ್ಬಿದೆ ಕಣೇ. ನಮ್ಮವಳೇ ಒಬ್ಬಳು ಕಪ್ಪು ಕನ್ನಡಕ ಹಾಕ್ಕೊಂಡು, ಮಗೂನ ಎತ್ಕೊಂಡು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ಳಂತೆ."

ಟೀಗನ್ ಚಹಾ ಲೋಟ ಕೆಳಗಿಟ್ಟಳು. "ಯಾ... ಯಾರಂತೆ?"

"ಹೆಸರು ಯಾಕೆ ಬಿಡು. ಆ ಬಾಯಿಗಳನ್ನ ಮುಚ್ಚಿಸೋಕೇ ಈ ಔತಣ ಇಟ್ಟಿರೋದು. ಗುಳ್ಳೆ ಕಣ್ಣೆದುರಿಗಿದ್ರೆ ಯಾರೂ ಮಾತಾಡಲ್ಲ, ಅಲ್ವಾ?"

ಮೆರಿನ್ ಕೆಮ್ಮಿದಳು. ಉಳಿದ ತಾಯಂದಿರು ತಮ್ಮ ತಮ್ಮ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಅದು ನಾನೇ ಎಂದು ಎಲ್ಲರಿಗೂ ಗೊತ್ತು, ಮುಖ ನೋಡಲು ನಾಚಿಕೆಪಡುತ್ತಿದ್ದಾರೆ ಎಂದುಕೊಂಡಳು ಟೀಗನ್. ರಾತ್ರಿಯೇ ಗಂಟುಮೂಟೆ ಕಟ್ಟಬೇಕು. ಮಗನನ್ನು ಕಟ್ಟಿಕೊಂಡು ಹೋಗುವುದಾದರೂ ಎಲ್ಲಿಗೆ?

ಅಷ್ಟರಲ್ಲಿ ಕೋರಲ್ ಎದ್ದು ಹಸುವಿನ ಗಂಟೆ ಅಲ್ಲಾಡಿಸಿದಳು. "ಹಣ್ಣು ತಿನ್ನೋಕೆ ಬನ್ರೋ!"

ಬ್ಯಾಂಜೊ ಆಟ ಬಿಟ್ಟ. ಟೋಪಿ ಹುಡುಕಿ ತಲೆಗಿಟ್ಟ. ನೆಟ್ಟಗೆ ನಲ್ಲಿಯ ಬಳಿ ಹೋಗಿ, ಗೋಡೆಗೆ ಒರಗಿ, ತುಟಿಯ ಮೇಲೆ ಬೆರಳಿಟ್ಟು ಸಾಲಿನ ಮೊದಲಿಗನಾಗಿ ನಿಂತ. ಆಮೇಲೆ ತುಟಿಯಿಂದ ಬೆರಳು ತೆಗೆದು, ಕೈ ತೊಳೆಯುವ ಹಾಡು ಶುರುಮಾಡಿದ.

ಟೀಗನ್ ಕಣ್ಣು ಮುಚ್ಚಿಕೊಂಡಳು. ಯಾರಾದರೂ ನಗಲಿ, ಬೈಯಲಿ ಎಂದು ಕಾದಳು. ಹಾಡು ಮಾತ್ರ ಯಾಕೋ ಜೋರಾಗುತ್ತಾ ಹೋಯಿತು. ಒಂದು ಗಂಟಲಿನ ಹಾಡಲ್ಲ ಅದು.

ಕಣ್ಣು ಬಿಟ್ಟಳು. ಬ್ಯಾಂಜೊನ ಹಿಂದೆ ಮೆರಿನ್‌ಳ ಅವಳಿಗಳು. ಅವರ ಹಿಂದೆ ಅಂಗಳದ ಅಷ್ಟೂ ಮಕ್ಕಳು, ಟೋಪಿ ಹಾಕಿಕೊಂಡು, ಮುಂದಿನವರ ಹೆಗಲ ಮೇಲೆ ಕೈಯಿಟ್ಟುಕೊಂಡು. ಸುತ್ತಮುತ್ತಲಿನ ಊರುಗಳಲ್ಲಿ ಶಿಶುವಿಹಾರಗಳಿಗೇನು ಕೊರತೆ? ಒಬ್ಬೊಬ್ಬರದು ಒಂದೊಂದು ಊರು. ಹಾಡು ಮಾತ್ರ ಎಲ್ಲ ಕಡೆ ಒಂದೇ. ಒಬ್ಬ ತಾಯಿಯೂ ತಲೆ ಎತ್ತಲಿಲ್ಲ.

"ಸರೀರೋ, ಇವತ್ತು ಲೀಡರ್ ನಾನು!" ಕುರ್ಚಿಯಿಂದ ಜಿಗಿದ ಫರ್ನ್ ಎಲ್ಲರನ್ನೂ ತಳ್ಳಿಕೊಂಡು ನಲ್ಲಿಗೆ ಓಡಿದಳು.

"ಫರ್ನ್! ನೀರು ಮುಟ್ಬೇಡ ಕಣೇ!" ಕೋರಲ್ ಚೀರಿದಳು.

ಫರ್ನ್ ಹಾಡು ಮುಗಿಯುವವರೆಗೆ, ಕಲಿಸಿದ ಹಾಗೇ ಮೊಣಕೈವರೆಗೂ ಉಜ್ಜಿ ತೊಳೆದಳು. ಕೈಮೇಲಿನ ಸಿಡುಬೆಲ್ಲ ಬೀಟ್‌ರೂಟ್ ಬಣ್ಣವಾಗಿ ಮೋರಿಗೆ ಹರಿದುಹೋಯಿತು.