ನಾಲ್ಕನೇ ತಿರುವಿನ ರಾಕ್ಷಸ

2019ರ ಫೆಬ್ರವರಿ 17, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಕಾರ್ ರೇಸಿನ ನಾಲ್ಕನೇ ತಿರುವಿನಲ್ಲಿ ಅಂದಿನ ಮೂರನೇ ಕಾರೂ ಗಿರಕಿ ಹೊಡೆದು ಬೇಲಿಗೆ ನುಗ್ಗಿತು. ಚಾಲಕನ ಕೈ ಮುರಿಯಿತು. ಹನ್ನೆರಡರೊಳಗೆ ಕಾರಣ ಸಿಗದಿದ್ದರೆ ಫೈನಲ್ ರದ್ದು ಎಂದು ತಪಾಸಣಾಧಿಕಾರಿ ಹೇಳಿಬಿಟ್ಟರು.

"ಕಾರಣ ಹುಡುಕೋದೇನು ಸಾರ್, ರಾಕ್ಷಸ!" ಎಂದರು ರೇಸು ನಡೆಸುವ ಯಜಮಾನರು. "ಮುಂಜಾನೆ ಆ ತಿರುವಿನಲ್ಲೇ ಪೂಜೆ ಮಾಡಿಸಿದೆ, ಒಂದು ಕಾರು ಬಿತ್ತು. ಇನ್ನೂ ಜೋರಾಗಿ ಮಾಡಿಸಿದೆ, ಎರಡನೇದು ಬಿತ್ತು. ಅದಕ್ಕಿಂತ ಜೋರಾಗಿ ಮಾಡಿಸಿದ ಮೇಲೆ ಇದು!"

"ಅಂದರೆ ನೀವು ಉಪಚಾರ ಮಾಡಿದಷ್ಟೂ ಅವನಿಗೆ ಹುಮ್ಮಸ್ಸು."

"ನಗಬೇಡಿ ಸಾರ್. ರಸ್ತೆ ಮೇಲೆ ರಕ್ತ ಇದೆ."

"ಎಷ್ಟು ದಪ್ಪ ಇದ್ದಾನೆ ನಿಮ್ಮ ರಾಕ್ಷಸ?"

"ಅವನನ್ನ ಯಾರು ತೂಗಿ ನೋಡಿದ್ದಾರೆ?"

ಅಧಿಕಾರಿ ಭೌತಶಾಸ್ತ್ರ ಓದಿದವರು. ಇಪ್ಪತ್ತು ವರ್ಷ ಇಂಥ ಮಾತು ಕೇಳಿ ಕೇಳಿ ಅವರ ಮುಖ ಹಸಿ ಹಾಗಲಕಾಯಿ ಜಗಿದಂತಾಗಿತ್ತು. ತಿರುವಿಗೆ ನಡೆದು, ಮಂಡಿಯೂರಿ, ಕೆಂಪಾಗಿದ್ದ ಡಾಂಬರಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ಒಂದು ಸಲಿಕೆ, ಒಂದು ದೊಡ್ಡ ಟಬ್ಬು ತರಿಸಿ."

"ರಾಕ್ಷಸನಿಗಾ ಸಾರ್?"

"ಹೂಂ. ಹಿಡಿದು ತೂಗೇ ಬಿಡೋಣ."

ಅರ್ಧ ಗಂಟೆ ರಸ್ತೆ ಕೆರೆದು ತುಂಬಿಸಿದ ಟಬ್ಬನ್ನು, ರೇಸಿನ ಕಾರು ತೂಗುವ ಯಂತ್ರದ ಮೇಲೆ ಇರಿಸಿದರು. ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದೇ ನಿಂತಿದ್ದರು. ಅಧಿಕಾರಿ ಟಬ್ಬಿನ ತೂಕ ಕಳೆದು ವರದಿಯಲ್ಲಿ ಬರೆದರು:

"ರಾಕ್ಷಸ: ದೃಷ್ಟಿ ತೆಗೆದು ಒಡೆದ ಬೂದುಗುಂಬಳಕಾಯಿ, ಕುಂಕುಮ ಸಮೇತ, 61 ಕಿಲೋ 400 ಗ್ರಾಂ."